ಮುಳುಗಿದ ಹಡಗುಗಳ ಮೂರಿಂಗ್ ಹಗ್ಗ ನೋಡಿಕೊಳ್ಳುವ ತಂಡ ಸೇರಲು ಯಾವ ಡೈವಿಂಗ್ ಕೋರ್ಸ್ ಮಾಡಬೇಕು?

ನೇತ್ರಾಣಿಯಲ್ಲಿ ಡೈವಿಂಗ್ ಕಲಿತು, ಟೊರೊಂಟೊಗೆ ಕೆಲಸಕ್ಕೆ ಬಂದು, ಈಗ ಒಂಟಾರಿಯೊ ಸರೋವರದ ಹಡಗುಗಳ ಹುಚ್ಚು ಹತ್ತಿಸಿಕೊಂಡಿದ್ದೀರಿ. ನಾನೂ ಹಾಗೇ ಬಂದವನು. ಬಂದ ಮೊದಲ ಎರಡು ವರ್ಷ ಒಂದಾದ ಮೇಲೊಂದು ಕೋರ್ಸಿಗೆ ದುಡ್ಡು ಸುರಿದೆ. ಡ್ರೈಸೂಟ್ (ಮೈಗೆ ನೀರು ತಾಗದ ಉಡುಪು), ಡೀಪ್ (ಆಳದ ಡೈವ್), ರೆಕ್ (ಮುಳುಗಿದ ಹಡಗಿನ ಡೈವ್), ನೈಟ್ರಾಕ್ಸ್ (ಆಮ್ಲಜನಕ ಹೆಚ್ಚಿರುವ ಗಾಳಿ), ಒಟ್ಟು ನಾಲ್ಕು ಪ್ರಮಾಣಪತ್ರದ ಕಾರ್ಡು. ಆ ಮೇ ತಿಂಗಳ ಬೆಳಿಗ್ಗೆ ನಾನು ಮಾಡಿದ ತಪ್ಪನ್ನು ಅವುಗಳಲ್ಲಿ ಒಂದೂ ತಡೆಯಲಿಲ್ಲ.

ಜಾಗ ಇದೇ ಸರೋವರದ ದಂಡೆಯ ಕಿಂಗ್‌ಸ್ಟನ್ ಊರಿನ ಹತ್ತಿರ. ಹಡಗಿನ ಹೆಸರು ಬೇಡ. ಇಲ್ಲಿ ಚಳಿಗಾಲದ ಮಂಜುಗಡ್ಡೆ ತೇಲುಬುರುಡೆಗಳನ್ನು ಎಳೆದುಕೊಂಡು ಹೋಗುತ್ತದೆ. ಅದಕ್ಕೇ ಚಳಿ ಶುರುವಾಗುವ ಮುಂಚೆ ಬಿಚ್ಚಿ, ಬೇಸಿಗೆಗೆ ಮತ್ತೆ ಕಟ್ಟುತ್ತೇವೆ. ಊರಲ್ಲಿ ಈಜು ಕಲಿಯುವಾಗ ಬೆನ್ನಿಗೆ ಕಟ್ಟಿಕೊಳ್ಳುತ್ತಿದ್ದ ಸೋರೆಬುರುಡೆ ನೆನಪಿದೆಯಾ? ಅದರ ದೊಡ್ಡ ರೂಪ ಅಂದುಕೊಳ್ಳಿ. ಮೈ ಬಿಳಿ, ತಲೆ ಕಿತ್ತಳೆ ಬಣ್ಣ. ಹಡಗಿನ ಪಕ್ಕದಲ್ಲಿ ಕಾಂಕ್ರೀಟ್ ದಿಮ್ಮಿ ಇರುತ್ತದೆ. ದಿಮ್ಮಿಗೆ ಸರಪಳಿ, ಸರಪಳಿಗೆ ಶ್ಯಾಕಲ್ (ಪಿನ್ ತಿರುಗಿಸಿ ಮುಚ್ಚುವ U ಆಕಾರದ ಲೋಹದ ಕೊಂಡಿ), ಶ್ಯಾಕಲ್‌ಗೆ ಹಗ್ಗ, ಹಗ್ಗದ ತುದಿಗೆ ಬುರುಡೆ. ಬಂದ ದೋಣಿ ಬುರುಡೆಗೆ ಕಟ್ಟಿಕೊಂಡರೆ ಲಂಗರು ಇಳಿಸಬೇಕಾಗಿಲ್ಲ. ಇಷ್ಟೇ ವ್ಯವಸ್ಥೆ.

ಆವತ್ತು ಶ್ಯಾಕಲ್ ನನ್ನ ಪಾಲಿಗೆ ಬಂತು. ಆಳ 24 ಮೀಟರ್, ನೀರು 5 ಡಿಗ್ರಿ. ಪಿನ್ ತಿರುಗಿಸಿದೆ, ಸ್ಪ್ಯಾನರ್ ಹಾಕಿ ಬಿಗಿದೆ. ಆಮೇಲೆ ಪಿನ್ನಿನ ತಲೆಯಲ್ಲಿರುವ ತೂತಿಗೆ ತಂತಿ ಪೋಣಿಸಿ, ಶ್ಯಾಕಲ್‌ನ ತೋಳಿಗೆ ಸುತ್ತಿ ತಿರುಚಬೇಕು. ದಪ್ಪ ಕೈಗವಸಿನಿಂದ ತಂತಿ ಜಾರಿತು, ಹೂಳಿನಲ್ಲಿ ಕಾಣದಾಯಿತು. ಇನ್ನೊಂದು ತುಂಡು ತೊಡೆಯ ಜೇಬಿನಲ್ಲೇ ಇತ್ತು, ಆದರೆ ಮರಗಟ್ಟಿದ ಬೆರಳಿಗೆ ಜಿಪ್ ಸಿಗಲಿಲ್ಲ. ಸಿಲಿಂಡರ್‌ನಲ್ಲಿ ಗಾಳಿ ಇಳಿಯುತ್ತಿತ್ತು. ಜೊತೆಗಿದ್ದವಳು ಹತ್ತಿರ ಬಂದು, ಆಯ್ತಾ ಅಂತ ಕೈಸನ್ನೆಯಲ್ಲೇ ಕೇಳಿದಳು. ನಾನು ಬೆರಳು ಮಡಿಸಿ ಓಕೆ ತೋರಿಸಿದೆ.

ತಂತಿ ಬಿದ್ದದ್ದು ತಪ್ಪಲ್ಲ, ಎಲ್ಲರ ಕೈಯಿಂದಲೂ ಬೀಳುತ್ತದೆ. ಓಕೆ ತೋರಿಸಿದ್ದು ತಪ್ಪು. ದೋಣಿ ಹತ್ತಿದ ಮೇಲೆ, ತಂತಿ ಸುತ್ತಿಲ್ಲ, ಇನ್ನೊಬ್ಬರು ಇಳಿಯಿರಿ ಅಂತ ಹೇಳಬಹುದಿತ್ತು. ಹೇಳಲಿಲ್ಲ. ಕೆಲಸಗಳ ಪಟ್ಟಿಯಲ್ಲಿ ತಂತಿಯ ಸಾಲಿನ ಮುಂದೆ ಸರಿ ಗುರುತನ್ನೂ ಹಾಕಿದೆ. ಸ್ಪ್ಯಾನರ್ ಹಾಕಿ ಬಿಗಿದಿದ್ದೇನಲ್ಲ, ಮುಂದಿನ ವಾರ ನಾನೇ ಬಂದು ಸುತ್ತಿದರಾಯಿತು ಅಂದುಕೊಂಡೆ. ಮುಂದಿನ ವಾರ ಗಾಳಿ ಜೋರಿತ್ತು. ಅದರ ಮುಂದಿನ ವಾರ ಆಫೀಸಿನ ಕೆಲಸ. ಅಲೆ ಬುರುಡೆಯನ್ನು ಎತ್ತಿದಾಗಲೆಲ್ಲ ಹಗ್ಗ ಬಿಗಿಯುತ್ತದೆ, ಇಳಿದಾಗ ಸಡಿಲವಾಗುತ್ತದೆ. ಹಗಲೂ ರಾತ್ರಿ ಅದೇ. ಒಂದೊಂದು ಎಳೆತಕ್ಕೂ ಪಿನ್ ಕೂದಲೆಳೆಯಷ್ಟು ತಿರುಗುತ್ತದೆ. ಎಷ್ಟೇ ಬಿಗಿದಿದ್ದರೂ ತಂತಿಯಿಲ್ಲದ ಪಿನ್ ಒಂದು ದಿನ ಹೊರಗೆ ಬರುತ್ತದೆ.

ಜುಲೈನಲ್ಲಿ ಬುರುಡೆ ಹೋಯಿತು. ಡೈವರ್‌ಗಳನ್ನು ಕರೆತಂದ ಒಂದು ದೋಣಿ, ಕಟ್ಟಿಕೊಳ್ಳಲು ಏನೂ ಕಾಣದೆ ಲಂಗರು ಇಳಿಸಿತು. ಲಂಗರಿನ ಕೊಕ್ಕೆ ಹಡಗಿನ ಕಟಕಟೆಗೆ ಸಿಕ್ಕಿಕೊಂಡಿತು. ಎಳೆದಾಗ ಒಂದು ಮಾರು ಉದ್ದದ ಕಟಕಟೆ ಕಿತ್ತು ಬಂತು.

ನಾನು ಇಳಿದು ನೋಡಿದೆ. ಸುತ್ತಲೆಲ್ಲ ಜೀಬ್ರಾ ಮಸಲ್ ಚಿಪ್ಪುಗಳ ಕಪ್ಪು ಹೊದಿಕೆ. ಮುರಿದ ಜಾಗದಲ್ಲಿ ಮಾತ್ರ ಮರ ತಿಳಿ ಹಳದಿ, ನಿನ್ನೆ ಗರಗಸ ಹಾಕಿದ ಹಲಗೆಯ ಹಾಗೆ. ನೂರಕ್ಕೂ ಜಾಸ್ತಿ ವರ್ಷ ನೀರಲ್ಲಿದ್ದ ಮರ! ಸಮುದ್ರದಲ್ಲಾದರೆ ಹಡಗುಹುಳು ಎಂದೋ ಕೊರೆದು ತಿಂದಿರುತ್ತಿತ್ತು. ಈ ತಣ್ಣನೆಯ ಸಿಹಿನೀರಿನಲ್ಲಿ ಆ ಹುಳು ಇಲ್ಲ. ಅಷ್ಟು ವರ್ಷ ಉಳಿದದ್ದು ನಾನು ಸುತ್ತದೇ ಬಿಟ್ಟ ಒಂದು ಗೇಣು ತಂತಿಯಿಂದ ಹೋಯಿತು. ತಂಡದವರ ಮುಂದೆ ಎಲ್ಲ ಹೇಳಿದೆ. ಆ ವರ್ಷ ಪೂರ್ತಿ ನನ್ನನ್ನು ನೀರಿಗಿಳಿಸಲಿಲ್ಲ. ಸರಿಯಾಗೇ ಮಾಡಿದರು.

ಈಗ ನಿಮ್ಮ ಪ್ರಶ್ನೆ. ಟೆಕ್ನಿಕಲ್ ಕೋರ್ಸ್ ಮುಗಿಸಿ ಸೇರಲಾ ಅಂತ ಕೇಳಿದ್ದೀರಿ. ಬೇಡ. ಡ್ರೈಸೂಟ್ ಬೇಕೇ ಬೇಕು, ಅದನ್ನು ಕಲಿಯಿರಿ. ಸಿಹಿನೀರಿನಲ್ಲಿ, ಮುಳುಗಲು ಕಟ್ಟಿಕೊಳ್ಳುವ ಸೀಸ ಕಡಿಮೆ ಸಾಕು, ಆದರೆ ಸೂಟಿನೊಳಗಿನ ಗಾಳಿಯನ್ನು ಮುಳುಗಿಸಲು ಜಾಸ್ತಿ ಬೇಕು, ಆದ್ದರಿಂದ ನೇತ್ರಾಣಿಯ ಲೆಕ್ಕ ಮರೆತುಬಿಡಿ. 1985ರಲ್ಲಿ ಡೈವರ್‌ಗಳಿಗೆಂದೇ ಮುಳುಗಿಸಿದ ಹಳೆಯ ಫೆರಿ ವುಲ್ಫ್ ಐಲ್ಯಾಂಡರ್ 2 ಕಿಂಗ್‌ಸ್ಟನ್‌ನಲ್ಲೇ ಇದೆ, ಅಲ್ಲಿ ಕೈ ಪಳಗಿಸಿಕೊಳ್ಳಿ. ಸೇವ್ ಒಂಟಾರಿಯೊ ಶಿಪ್‌ರೆಕ್ಸ್ ಅಂತ 1981ರಿಂದ ಇರುವ ಸ್ವಯಂಸೇವಕರ ಸಂಸ್ಥೆ ಇದೆ, ಅವರಿಗೆ ಬರೆಯಿರಿ. ದೋಣಿಯ ಮೇಲೆ ಹಗ್ಗ ಎಳೆಯುವ ಕೆಲಸದಿಂದ ಶುರು ಮಾಡಿ.

ಹಗ್ಗ ನೋಡಿಕೊಂಡರೆ ಡೈವ್ ಪುಕ್ಕಟೆ ಸಿಗುತ್ತೆ ಅಲ್ವಾ ಅಂತಲೂ ಬರೆದಿದ್ದೀರಿ. ಆ ಆಸೆಯಿಂದ ಬರಬೇಡಿ. ಕೆಲಸದ ದಿನ ನೀವು ಹಡಗನ್ನು ನೋಡುವುದೇ ಇಲ್ಲ, ಮುಖದ ಮುಂದಿನ ಒಂದಡಿ ಸರಪಳಿ ನೋಡುತ್ತೀರಿ.

ಈ ಚಳಿಗಾಲದಲ್ಲಿ ಒಂದು ಕೆಲಸ ಮಾಡಿ. ಬಕೆಟ್ಟಿನಲ್ಲಿ ಐಸ್ ನೀರು ತುಂಬಿ, ಡೈವಿಂಗ್ ಕೈಗವಸು ಹಾಕಿಕೊಂಡು, ಒಳಗೆ ಶ್ಯಾಕಲ್ ಇಟ್ಟು, ಕಣ್ಣು ಮುಚ್ಚಿ ಪಿನ್ನಿಗೆ ತಂತಿ ಸುತ್ತಿ. ಹತ್ತಕ್ಕೆ ಹತ್ತು ಸಲ ಬರುವ ತನಕ ಸುತ್ತಿ. ನಾನು ಈಗಲೂ ಪ್ರತಿ ಏಪ್ರಿಲ್‌ನಲ್ಲಿ ಬಚ್ಚಲಲ್ಲಿ ಕೂತು ಮಾಡುತ್ತೇನೆ. ತಂತಿಯ ಮೂರು ತುಂಡು ಎಡ ಮಣಿಕಟ್ಟಿಗೆ ರಬ್ಬರ್ ಬ್ಯಾಂಡಿನಲ್ಲಿ ಸಿಕ್ಕಿಸಿರುತ್ತೇನೆ, ಜೇಬಿನಲ್ಲಿ ಇಡುವುದಿಲ್ಲ.