ಪೌಲ ಮೊದಲು ಸಭಾಮಂದಿರಕ್ಕೇ ಯಾಕೆ ಹೋದ?

ಓದುಗರೊಬ್ಬರು ಕೇಳಿದ್ದಾರೆ: ‘ಯೇಸುವಿನ ಸಂದೇಶ ಸಾರಲು ಅವನ ಶಿಷ್ಯ ಪೇತ್ರನಿಗೆ ಯೆಹೂದ್ಯರು, ಆಮೇಲೆ ಸೇರಿದ ಪೌಲನಿಗೆ ಅನ್ಯಜನರು (ಯೆಹೂದ್ಯರಲ್ಲದವರು) ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಹಾಗಾದರೆ ಪೌಲ ಹೋದ ಊರಲ್ಲೆಲ್ಲ ಮೊದಲು ಯೆಹೂದ್ಯರು ಪ್ರಾರ್ಥನೆಗೆ ಸೇರುವ ಸಭಾಮಂದಿರವನ್ನೇ ಹುಡುಕುತ್ತಾನಲ್ಲ, ಯಾಕೆ?’

ನಿಮ್ಮ ಪತ್ರ ಬಂದ ಮೇಲೆ ಆ ಲೇಖನವನ್ನು ಮತ್ತೆ ತೆಗೆದು ನೋಡಿದೆ. ಆ ಸಾಲು ತೀರಾ ಸಲೀಸಾಗಿದೆ, ಒಪ್ಪಿದೆ. ಹಂಚಿಕೆ ಸುಳ್ಳಲ್ಲ. ಯೆರೂಸಲೇಮಿನಲ್ಲಿ ಯೇಸುವಿನ ಅನುಯಾಯಿಗಳ ಮುಖಂಡರಾದ ಯಾಕೋಬ, ಪೇತ್ರ, ಯೋಹಾನರು ಬಲಗೈ ನೀಡಿ ಅದನ್ನು ಒಪ್ಪಿಕೊಂಡರೆಂದು ಪೌಲನೇ ಗಲಾತ್ಯದವರಿಗೆ ಬರೆದಿದ್ದಾನೆ. ಆದರೆ ಊರಿನ ಜನ ಹಾಗೆ ಎರಡು ಪಾಲಾಗಿ ಕೂತಿರಲಿಲ್ಲ.

ಸಭಾಮಂದಿರಕ್ಕೆ ಗ್ರೀಕರೂ ಬರುತ್ತಿದ್ದರು. ಒಬ್ಬನೇ ದೇವರು ಎಂಬ ಮಾತು ಅವರಿಗೆ ಹಿಡಿಸಿತ್ತು. ಸಬ್ಬತ್ ದಿನ (ಯೆಹೂದ್ಯರ ವಾರದ ವಿಶ್ರಾಂತಿ ದಿನ) ಬಂದು ಶಾಸ್ತ್ರ ಕೇಳುತ್ತಿದ್ದರು, ಸುನ್ನತಿಗೆ ಮಾತ್ರ ಹಿಂದೇಟು. ‘ದೇವರಿಗೆ ಭಯಪಡುವವರು’ ಎಂದರೆ ಇವರೇ. ಇಂದಿನ ಟರ್ಕಿಯ ಅಫ್ರೊಡಿಸಿಯಾಸ್‌ನಲ್ಲಿ ಸಿಕ್ಕ ಶಾಸನದಲ್ಲಿ (ಅದು ಪೌಲನ ಕಾಲದ್ದಲ್ಲ, ಈಚಿನದು) ಇಂಥವರ ಹೆಸರಿನ ಪಟ್ಟಿಯೇ ಇದೆ. ಅನ್ಯಜನರನ್ನು ಹುಡುಕುವವನಿಗೆ ಇದಕ್ಕಿಂತ ಒಳ್ಳೆಯ ಬಾಗಿಲು ಎಲ್ಲಿತ್ತು?

ಕೊರಿಂಥದ ಕಥೆ ನೋಡಿ. ಸಭಾಮಂದಿರದಲ್ಲಿ ಜಗಳವಾಗಿ ಪೌಲ ಬಟ್ಟೆ ಝಾಡಿಸಿಕೊಂಡು ಹೊರಟ. ಎಲ್ಲಿಗೆ? ಪಕ್ಕದ ಮನೆಗೆ! ಅದು ದೇವಭಕ್ತನಾದ ಯುಸ್ತನ ಮನೆ. ಸಭಾಮಂದಿರದ ಅಧ್ಯಕ್ಷ ಕ್ರಿಸ್ಪನೂ ಮನೆಮಂದಿಯೊಂದಿಗೆ ಇತ್ತಲೇ ಬಂದ. ಬಿಟ್ಟು ಹೋಗುವವನು ಪಕ್ಕದಲ್ಲೇ ಬಿಡಾರ ಹೂಡುತ್ತಾನಾ? ಯೆಹೂದ್ಯರಿಂದ ಐದು ಸಲ ‘ನಲವತ್ತಕ್ಕೆ ಒಂದು ಕಡಿಮೆ’ ಏಟು ತಿಂದೆ ಎಂದೂ ಅವನೇ ಹೇಳುತ್ತಾನೆ. ಅದು ಸಭಾಮಂದಿರ ತನ್ನವರಿಗೆ ಕೊಡುವ ಶಿಕ್ಷೆ. ಹೊರಗಿನವನಿಗೆ ಯಾರು ಎಣಿಸಿ ಹೊಡೆಯುತ್ತಾರೆ?

ನನ್ನ ಮಟ್ಟಿಗೆ ನಿಜವಾದ ತೊಡಕು ಉಪದೇಶದಲ್ಲಿರಲಿಲ್ಲ, ಊಟದಲ್ಲಿತ್ತು. ಶಿಷ್ಯರನ್ನು ಮೊದಲ ಬಾರಿ ಕ್ರೈಸ್ತರೆಂದು ಕರೆದ ಅಂತಿಯೋಕ್ಯದಲ್ಲಿ ಪೇತ್ರ ಅನ್ಯಜನರ ಜೊತೆ ಕೂತು ಉಣ್ಣುತ್ತಿದ್ದ. ಕಟ್ಟುನಿಟ್ಟಿನ ಯೆಹೂದ್ಯರು ಅದನ್ನು ಒಪ್ಪುತ್ತಿರಲಿಲ್ಲ. ಯೆರೂಸಲೇಮಿನಿಂದ ಯಾಕೋಬನ ಕಡೆಯವರು ಬಂದದ್ದೇ ತಡ, ಪೇತ್ರ ಹಿಂದೆ ಸರಿದ. ಪೌಲನ ಜೊತೆಗಾರ ಬಾರ್ನಬನೂ ಸರಿದ. ಇಷ್ಟು ದಿನ ಒಂದೇ ಪಂಕ್ತಿಯಲ್ಲಿದ್ದವನು ಎದ್ದು ಬೇರೆ ಕಡೆ ಕೂತರೆ ಉಳಿದವರಿಗೆ ಹೇಗಾಗಬೇಡ, ಹೇಳಿ. ಪೌಲ ಎಲ್ಲರೆದುರೇ ಬೈದ: ಯೆಹೂದ್ಯನಾದ ನೀನೇ ಅನ್ಯಜನರಂತೆ ಬದುಕುತ್ತಿರುವಾಗ, ಅವರು ಯೆಹೂದ್ಯರಂತೆ ಬದುಕಬೇಕೆಂದು ಒತ್ತಾಯ ಮಾಡುವುದು ಹೇಗೆ?

ಪೇತ್ರನ ಮೇಲೆ ನನಗೆ ಸ್ವಲ್ಪ ಮರುಕವಿದೆ. ಅವನು ಯೆರೂಸಲೇಮಿನವರಿಗೂ ಮುಖ ತೋರಿಸಬೇಕಿತ್ತು ಅಲ್ವಾ? ಅವನು ಏನು ಉತ್ತರ ಕೊಟ್ಟ ಎಂಬುದನ್ನು ಪೌಲ ಬರೆದೇ ಇಲ್ಲ.

— ಸಂಪಾದಕ