ಮಗನ ಲೆಕ್ಕ, ತಂದೆಯ ಹಿಂಜರಿಕೆ

ಪತ್ರದ ಸಾರ: ಆಳಂದ ತಾಲ್ಲೂಕಿನ ಓದುಗರೊಬ್ಬರು ಇಂಜಿನಿಯರಿಂಗ್ ಮುಗಿಸಿ ಒಕ್ಕಲುತನಕ್ಕೆ ಮರಳಿದ್ದಾರೆ. ಬೀಜ, ಗೊಬ್ಬರ, ಕೂಲಿ, ಇಳುವರಿ, ದರಗಳ ಲೆಕ್ಕ ಹಾಕಿ ಎಂಟೂ ಎಕರೆಗೆ ತೊಗರಿ ಬಿತ್ತುವುದೆಂದು ತೀರ್ಮಾನಿಸಿದ್ದಾರೆ. ಹಳ್ಳದ ಕಡೆಯ ಎರಡು ಎಕರೆಗೆ ತೊಗರಿ ಬೇಡವೆನ್ನುವ ತಂದೆಯವರು ಕಾರಣ ಕೇಳಿದರೆ ‘ಮನಸ್ಸು ಒಪ್ಪವಲ್ದು’ ಎನ್ನುತ್ತಾರಂತೆ. ಲೆಕ್ಕವನ್ನು ನಂಬಬೇಕೋ, ಅಪ್ಪನ ಮನಸ್ಸನ್ನೋ?

ಸಂಪಾದಕರ ಉತ್ತರ: ಕಾರಣ ಹೇಳಲಾಗದ್ದನ್ನು ಕಾರಣವೇ ಇಲ್ಲದ್ದೆಂದು ನೀವು ಎಣಿಸಿದಂತಿದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಗ್ಯಾರಿ ಕ್ಲೈನ್ ಅಗ್ನಿಶಾಮಕ ದಳದ ಅಧಿಕಾರಿಯೊಬ್ಬರ ಪ್ರಸಂಗವನ್ನು ದಾಖಲಿಸಿದ್ದಾರೆ. ಮನೆಯೊಂದರ ಅಡುಗೆಮನೆಯ ಬೆಂಕಿಗೆ ನೀರು ಹಾಯಿಸುತ್ತಿದ್ದಾಗ ಆ ಅಧಿಕಾರಿಗೆ ಏನೋ ಸರಿಯಿಲ್ಲವೆನಿಸಿ ಎಲ್ಲರನ್ನೂ ಹೊರಗೆ ಕರೆಸಿದರು. ಸ್ವಲ್ಪ ಹೊತ್ತಿನಲ್ಲೇ ನೆಲ ಕುಸಿಯಿತು. ನಿಜವಾದ ಬೆಂಕಿ ನೆಲಮಾಳಿಗೆಯಲ್ಲಿತ್ತು. ಅಧಿಕಾರಿ ಅದನ್ನು ಅತೀಂದ್ರಿಯ ಶಕ್ತಿಯೆಂದೇ ನಂಬಿದ್ದರು. ಕ್ಲೈನ್ ಆ ಪ್ರಸಂಗವನ್ನು ಹಂತಹಂತವಾಗಿ ಕೇಳುತ್ತಾ ಹೋದಾಗ, ಬೆಂಕಿ ನೀರಿಗೆ ಬಗ್ಗದಿದ್ದುದು, ಕೋಣೆ ಅತಿಯಾಗಿ ಕಾದಿದ್ದುದು, ಅಷ್ಟು ಕಾವಿಗೆ ತಕ್ಕ ಸದ್ದಿಲ್ಲದಿದ್ದುದು ಒಂದೊಂದಾಗಿ ಹೊರಬಂದವು.

ಆದ್ದರಿಂದ ತಂದೆಯವರನ್ನು ‘ಯಾಕೆ’ ಎಂದು ಕೇಳಬೇಡಿ. ಆ ಎರಡು ಎಕರೆಯಲ್ಲಿ ಯಾವ ವರ್ಷ ಏನು ಬಿತ್ತಿದ್ದಿರಿ, ಯಾವ ಮೂಲೆಯ ಗಿಡ ಮೊದಲು ಬಾಡಿತು ಎಂದು ಕೇಳಿ. ನಮ್ಮ ಭಾಗದ ತೊಗರಿಯನ್ನು 2022ರ ಹಂಗಾಮಿನಲ್ಲಿ ನೆಟೆ ರೋಗ ಹೇಗೆ ಒಣಗಿಸಿತೆಂಬುದು ನಿಮಗೂ ನೆನಪಿರಬಹುದು. ಆ ರೋಗ ತರುವ ಫ್ಯುಸೇರಿಯಂ ಶಿಲೀಂಧ್ರವು ಹೊಲದಲ್ಲುಳಿದ ಕೂಳೆಯಲ್ಲಿ ಸುಮಾರು ಮೂರು ವರ್ಷ ಜೀವ ಹಿಡಿದಿರಬಲ್ಲದು. ಜೋಳದೊಡನೆ ಬೆಳೆ ಬದಲಿಸಿದರೆ ಅದರ ಕಾಟ ತಗ್ಗುತ್ತದೆ. ತಂದೆಯವರ ಹಿಂಜರಿಕೆಯ ಮೂಲ ಇದೇ ಎಂದು ಕಲಬುರಗಿಯಲ್ಲಿ ಕುಳಿತು ನಾನು ಹೇಳಲಾರೆ. ಇದೇ ಆಗಿದ್ದರೆ, ನಿಮ್ಮ ಲೆಕ್ಕದಲ್ಲಿಲ್ಲದ ಒಂದು ಕಲಮು ಅವರ ತಲೆಯಲ್ಲಿದೆ.

ಹಾಗೆಂದು ಹಿರಿಯರ ಮನಸ್ಸು ಹೇಳಿದ್ದೆಲ್ಲವೂ ನಿಜವಲ್ಲ. ಇದೇ ಕ್ಲೈನ್, ಅಂತಃಪ್ರಜ್ಞೆಯನ್ನು ಸುಲಭವಾಗಿ ನಂಬದ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನಮನ್ ಅವರೊಡನೆ ವರ್ಷಗಟ್ಟಲೆ ವಾದಿಸಿ, 2009ರಲ್ಲಿ ಜಂಟಿಯಾಗಿ ಪ್ರಬಂಧವೊಂದನ್ನು ಪ್ರಕಟಿಸಿದರು. ಇಬ್ಬರೂ ಒಪ್ಪಿದ್ದಿಷ್ಟು: ವಿಷಯಕ್ಕೆ ಒಂದು ನಿಯತ ಕ್ರಮವಿದ್ದು, ತಪ್ಪು ಒಪ್ಪುಗಳು ಬೇಗ ಕಣ್ಣಿಗೆ ಬೀಳುತ್ತ ಅಭ್ಯಾಸವಾಗಿದ್ದರೆ ಮಾತ್ರ ಮನಸ್ಸಿನ ತೀರ್ಪಿಗೆ ಬೆಲೆ. ಎರೆಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಹದ ನೋಡುವವರಿಗೆ ಮೊಳಕೆಯೇ ವಾರದೊಳಗೆ ಉತ್ತರ ಹೇಳುತ್ತದೆ; ನಲವತ್ತು ಮುಂಗಾರು ಹೀಗೆ ಉತ್ತರ ಪಡೆದವರ ಕೈಯನ್ನು ನಾನು ನಂಬುತ್ತೇನೆ.

ಗಂಜಿನ (ಮಾರುಕಟ್ಟೆಯ) ದರದ ವಿಷಯದಲ್ಲಿ ಯಾರ ಮನಸ್ಸನ್ನೂ ನಂಬುವುದಿಲ್ಲ. 2015ರಲ್ಲಿ ತೊಗರಿ ಬೇಳೆಯ ಚಿಲ್ಲರೆ ಬೆಲೆ ಕಿಲೋಗೆ 200 ರೂಪಾಯಿಯ ಆಸುಪಾಸಿಗೆ ಏರಿತು. ಮರುವರ್ಷ ದೇಶದಲ್ಲೆಲ್ಲ ರೈತರ ಮನಸ್ಸು ಒಂದೇ ಮಾತು ಹೇಳಿತು, ಎಲ್ಲರೂ ತೊಗರಿಯನ್ನೇ ಬಿತ್ತಿದರು, ಮಾಲು ಬಂದಾಗ ದರವು ಬೋನಸ್ ಸೇರಿ ಕ್ವಿಂಟಲಿಗೆ 5,050 ರೂಪಾಯಿಯಿದ್ದ ಬೆಂಬಲ ಬೆಲೆಗಿಂತಲೂ ಕೆಳಗಿಳಿಯಿತು. ಇಲ್ಲಿ ನಿಮಗೊಂದು ಮಾತು: ನಿಮ್ಮ ಲೆಕ್ಕದಲ್ಲಿ ದರದ ಅಂಕಿ ಎಲ್ಲಿಂದ ಬಂತು? ಕಳೆದ ಹಂಗಾಮಿನ ದರವನ್ನೇ ಬರೆದುಕೊಂಡಿದ್ದರೆ ಅದು ತರ್ಕವಲ್ಲ, ಅಂಕಿಯ ವೇಷ ತೊಟ್ಟ ನಿಮ್ಮದೇ ಊಹೆ. (ಪತ್ರಿಕೆಯ ಮುದ್ರಣ ಪ್ರತಿಗಳ ಸಂಖ್ಯೆಯನ್ನು ನಾನೂ ಹೀಗೆಯೇ ‘ಲೆಕ್ಕ ಹಾಕಿ’ ಕಟ್ಟುಗಟ್ಟಲೆ ಉಳಿಸಿಕೊಂಡಿದ್ದೇನೆ.) ಆ ಕಲಮಿನಲ್ಲಿ ಬೆಂಬಲ ಬೆಲೆಯನ್ನೂ ಅದಕ್ಕಿಂತ ಕಡಿಮೆಯ ಇನ್ನೊಂದು ದರವನ್ನೂ ಇಟ್ಟು ನೋಡಿ, ಎಂಟು ಎಕರೆಯ ಲಾಭ ಆಗಲೂ ನಿಲ್ಲುತ್ತದೆಯೇ?

ಯಾವುದು ಮೊದಲೆಂಬುದಕ್ಕೂ ಮಹತ್ವವಿದೆ. 1955ರ ಸುಮಾರಿಗೆ ಇಸ್ರೇಲಿ ಸೈನ್ಯದಲ್ಲಿದ್ದ ತರುಣ ಕಾನಮನ್, ಹೊಸದಾಗಿ ಸೇರುವವರ ಸಂದರ್ಶನಕ್ಕೆ ಒಂದು ಪದ್ಧತಿ ರೂಪಿಸಿದರು. ಆರು ಗುಣಗಳಿಗೆ ಬೇರೆಬೇರೆಯಾಗಿ ಅಂಕ ಕೊಟ್ಟ ಬಳಿಕವೇ, ಸಂದರ್ಶಕರು ಕಣ್ಣು ಮುಚ್ಚಿ ಆ ಹುಡುಗನನ್ನು ಸೈನಿಕನಾಗಿ ಕಲ್ಪಿಸಿಕೊಂಡು ಇನ್ನೊಂದು ಅಂಕ ಕೊಡಬೇಕು. ಹಾಗೆ ಕೊಟ್ಟ ಕೊನೆಯ ಅಂಕವೂ ಆರು ಅಂಕಗಳ ಮೊತ್ತದಷ್ಟೇ ಉಪಯುಕ್ತವೆಂದು ಕಂಡುಬಂದು ಅವರೇ ಬೆರಗಾದರು. ತಂದೆಯವರ ಎದುರು ಕುಳಿತು ಒಂದೊಂದು ತುಂಡು ಹೊಲಕ್ಕೂ ಮಣ್ಣು, ನೀರು ನಿಲ್ಲುವಿಕೆ, ಹಿಂದಿನ ಬೆಳೆ, ರೋಗ ಇವನ್ನು ಬರೆಯಿರಿ. ಆಮೇಲೆ ಅವರ ಮನಸ್ಸು ಏನೆನ್ನುತ್ತದೆಂದು ಮತ್ತೊಮ್ಮೆ ಕೇಳಿ. ಮಿರಗ (ಮೃಗಶಿರಾ ಮಳೆ) ಕೂಡಲು ಇನ್ನೂ ಮೂರು ವಾರವಿದೆ.