ಉರಿಯುವ ಅಂಗಾಲು, ನಾರ್ಮಲ್ ಎನ್ನುವ ವರದಿ

ಮಾನ್ಯರೆ,

ಸಕ್ಕರೆ ಕಾಯಿಲೆಯ ಕುರಿತು ನಾವು ಪ್ರಕಟಿಸಿದ ಲೇಖನವನ್ನು ಓದಿ ನೀವು ಬರೆದ ಪತ್ರ ತಲುಪಿದೆ. ರಾತ್ರಿಯಾದರೆ ಎರಡೂ ಅಂಗಾಲು ಉರಿದು ಹೊದಿಕೆ ಸೋಕಿದರೂ ತಡೆಯಲಾಗುವುದಿಲ್ಲವೆಂದೂ, ನರಗಳ ಪರೀಕ್ಷೆಯ ವರದಿ ಮಾತ್ರ ನಾರ್ಮಲ್ ಎಂದು ಬಂದಿರುವುದರಿಂದ ಮನೆಯವರೇ ಇದನ್ನು ಮನಸ್ಸಿನ ಭ್ರಮೆ ಎನ್ನುತ್ತಿದ್ದಾರೆಂದೂ ತಿಳಿಸಿದ್ದೀರಿ. ಇಷ್ಟೊಂದು ಜನರನ್ನು ಕಾಡುವ ನೋವಿಗೆ ಸಂಶೋಧಕರು ಏನು ಮಾಡುತ್ತಿದ್ದಾರೆ, ಬಿಸಿನೀರಿನಲ್ಲಿ ಕಾಲಿಟ್ಟುಕೊಳ್ಳುವುದು ಸರಿಯೇ ಎಂದೂ ಕೇಳಿದ್ದೀರಿ.

ವರದಿಯೂ ಸುಳ್ಳಲ್ಲ, ನಿಮ್ಮ ಉರಿಯೂ ಸುಳ್ಳಲ್ಲ. ಸಾಮಾನ್ಯವಾಗಿ ಮಾಡುವ ವಿದ್ಯುತ್ ಪರೀಕ್ಷೆ ಅಳೆಯುವುದು ದಪ್ಪ ನರತಂತುಗಳಲ್ಲಿ ಸಂಕೇತ ಸಾಗುವ ವೇಗವನ್ನು. ಉರಿ, ಬಿಸಿ, ಚುಚ್ಚುನೋವುಗಳನ್ನು ಸಾಗಿಸುವ ಸಣ್ಣ ತಂತುಗಳು ಅದರ ಕಣ್ಣಿಗೆ ಬೀಳುವುದೇ ಇಲ್ಲ. ಕಣಕಾಲಿನ ಮೇಲಿನಿಂದ ಚರ್ಮದ ಚೂರೊಂದನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನರದ ತುದಿಗಳನ್ನು ಎಣಿಸಿದರೆ ಹಾನಿ ಕಾಣುತ್ತದೆಯಾದರೂ ಈ ಸೌಲಭ್ಯ ಇರುವುದು ದೊಡ್ಡ ಊರುಗಳ ಕೆಲವೇ ಆಸ್ಪತ್ರೆಗಳಲ್ಲಿ. ಸಕ್ಕರೆ ಕಾಯಿಲೆಯಲ್ಲಿ ನರ ಕೆಡುವ ಈ ತೊಂದರೆ ಪಾದದಿಂದಲೇ ಶುರುವಾಗುವುದಕ್ಕೂ ಕಾರಣವಿದೆ. ಬೆನ್ನುಹುರಿಯ ಪಕ್ಕದಲ್ಲಿರುವ ಜೀವಕೋಶವೇ ಹೆಬ್ಬೆರಳಿನವರೆಗೆ ಸುಮಾರು ಒಂದು ಮೀಟರ್ ಉದ್ದದ ತಂತುವನ್ನು ಸಾಕಬೇಕು. ನಾಲೆಯ ಕೊನೆಯ ಹೊಲಕ್ಕೆ ನೀರು ಮುಟ್ಟದಂತೆ, ಪೋಷಣೆ ಮೊದಲು ತಪ್ಪುವುದು ತುದಿಗೇ.

ಸಂಶೋಧನೆಯ ಮಾತಿಗೆ ಬರೋಣ. ಪಾಕಿಸ್ತಾನದ ಉತ್ತರ ಭಾಗದ ಕೆಲವು ಕುಟುಂಬಗಳಲ್ಲಿ ಹುಟ್ಟಿನಿಂದಲೇ ನೋವು ತಿಳಿಯದ ಮಕ್ಕಳಿದ್ದುದನ್ನು ಅಭ್ಯಸಿಸಿ, ನರಗಳೊಳಗೆ ಸೋಡಿಯಂ ಹರಿಯುವ ಒಂದು ದ್ವಾರದ ಜೀನ್ ಕೆಟ್ಟಿರುವುದೇ ಅದಕ್ಕೆ ಕಾರಣವೆಂದು 2006ರಲ್ಲಿ ವಿಜ್ಞಾನಿಗಳು ತೋರಿಸಿದಾಗ ದೊಡ್ಡ ಆಸೆ ಹುಟ್ಟಿತ್ತು. ಆ ದ್ವಾರವನ್ನು ಮುಚ್ಚುವ ಮಾತ್ರೆಗಾಗಿ ಕಂಪನಿಗಳು ಪಟ್ಟ ಪಾಡು ಇನ್ನೂ ಫಲ ಕೊಟ್ಟಿಲ್ಲ. ಅದೇ ಗುಂಪಿನ ಇನ್ನೊಂದು ದ್ವಾರವನ್ನು ತಡೆಯುವ ಸುಜೆಟ್ರಿಜಿನ್ ಎಂಬ ಔಷಧಕ್ಕೆ 2025ರ ಜನವರಿಯಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಅದೂ ಶಸ್ತ್ರಚಿಕಿತ್ಸೆಯ ನಂತರದಂಥ ತಾತ್ಕಾಲಿಕ ನೋವಿಗೆ, ನಿಮ್ಮಂಥವರ ದೀರ್ಘಕಾಲದ ನರನೋವಿಗಲ್ಲ.

ನನಗೆ ಇದಕ್ಕಿಂತ ಹೆಚ್ಚು ಉಪಯುಕ್ತವೆನಿಸಿದ್ದು ಮಧುಮೇಹಿಗಳ ನರನೋವಿನ ಬಗ್ಗೆ ಬ್ರಿಟನ್ನಿನಲ್ಲಿ ನಡೆದು 2022ರಲ್ಲಿ ಪ್ರಕಟವಾದ ಒಂದು ಅಧ್ಯಯನ. ಅಮಿಟ್ರಿಪ್ಟಿಲಿನ್, ಡ್ಯುಲಾಕ್ಸೆಟಿನ್, ಪ್ರಿಗಾಬಲಿನ್ ಎಂಬ ಮೂರು ಹಳೆಯ ಔಷಧಗಳಲ್ಲಿ ಯಾವುದರಿಂದ ಆರಂಭಿಸಿದರೂ ಪರಿಹಾರ ಹೆಚ್ಚುಕಡಿಮೆ ಒಂದೇ ಎಂದೂ, ಒಂದು ಸಾಲದಿದ್ದಾಗ ಇನ್ನೊಂದನ್ನು ಜೊತೆಗೂಡಿಸಿದರೆ ಕೆಲವರಿಗೆ ಮತ್ತಷ್ಟು ಅನುಕೂಲವಾಗುತ್ತದೆಂದೂ ಅದು ತಿಳಿಸಿತು. ಅಗ್ಗದ ಮಾತ್ರೆಗಳ ಮೇಲೆ ಇಂಥ ಅಧ್ಯಯನ ಮಾಡಿಸಲು ಯಾವ ಕಂಪನಿಯೂ ಮುಂದೆ ಬರುವುದಿಲ್ಲವಾದ್ದರಿಂದ ಸರ್ಕಾರದ ಹಣವೇ ಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2023ರ ವರದಿಯ ಪ್ರಕಾರ ಸುಮಾರು 10.1 ಕೋಟಿ ಮಧುಮೇಹಿಗಳಿರುವ ನಮ್ಮ ದೇಶದಲ್ಲೇ ಇವು ನಡೆಯಬೇಕೆಂಬುದು ನನ್ನ ಅಭಿಪ್ರಾಯ.

ಆದರೆ ಆರೈಕೆ ಸುಧಾರಿಸಲು ಹೊಸ ಔಷಧಕ್ಕೆ ಕಾಯಬೇಕಾಗಿಲ್ಲ. ಹತ್ತು ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯೊಂದನ್ನು, ರೋಗಿ ಕಣ್ಣು ಮುಚ್ಚಿರುವಾಗ, ಪಾದದ ಕೆಲವು ಕಡೆ ಒತ್ತಿ "ಗೊತ್ತಾಯಿತೇ?" ಎಂದು ಕೇಳುವ ಪರೀಕ್ಷೆಗೆ ಕೆಲವು ನಿಮಿಷ ಸಾಕು. ನಡೆಯುವಾಗ ಚಪ್ಪಲಿ ಕಾಲಿನಿಂದ ಜಾರಿಹೋದದ್ದೇ ತಿಳಿಯಲಿಲ್ಲ ಎನ್ನುವ ರೋಗಿಗೆ ಮುಳ್ಳು ಚುಚ್ಚಿದ್ದೂ ತಿಳಿಯುವುದಿಲ್ಲ. ವೆಲ್ಲೂರಿನಲ್ಲಿ ಶಸ್ತ್ರವೈದ್ಯರಾಗಿದ್ದ ಡಾ. ಪಾಲ್ ಬ್ರಾಂಡ್ ಕುಷ್ಠರೋಗಿಗಳಲ್ಲಿ ಕಂಡುಕೊಂಡದ್ದೂ ಇದನ್ನೇ: ಬೆರಳುಗಳು ನಾಶವಾಗುವುದು ಬಹುಮಟ್ಟಿಗೆ ನೋವು ತಿಳಿಯದೆ ಆಗುವ ಗಾಯಗಳಿಂದ. ಕುಷ್ಠರೋಗಿಗಳಿಗೆ ಕೊಡುವ ಎಂಸಿಆರ್ (ಮೈಕ್ರೋಸೆಲ್ಯುಲರ್ ರಬ್ಬರ್) ಎಂಬ ಮೆತ್ತನೆಯ ರಬ್ಬರಿನ ಚಪ್ಪಲಿ ಮಧುಮೇಹಿಗಳಿಗೂ ಉಪಯೋಗವಾಗುತ್ತದೆ. ಕೇಳಿ ಪಡೆಯಲು ಸಂಕೋಚ ಬೇಡ.

ನಾನು ವೈದ್ಯನಲ್ಲ, ಆದ್ದರಿಂದ ಇಂಥದೇ ಮಾತ್ರೆ ತೆಗೆದುಕೊಳ್ಳಿ ಎಂದು ಹೇಳಲಾರೆ. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ನುಂಗಿದವರಲ್ಲಿ ಬಿ12 ಜೀವಸತ್ವ ಕಡಿಮೆಯಾಗಬಹುದು, ಸಸ್ಯಾಹಾರಿಗಳಲ್ಲಿ ಇನ್ನೂ ಹೆಚ್ಚು. ಆ ಕೊರತೆಯೂ ನರಗಳನ್ನು ಕೆಡಿಸುತ್ತದೆ. ಆದ್ದರಿಂದ ಬಿ12 ಮಟ್ಟ ನೋಡಿಸಬೇಕೇ ಎಂದು ನಿಮ್ಮ ವೈದ್ಯರನ್ನು ಕೇಳಿ. ಅಂಗಡಿಯಲ್ಲಿ 'ನರಕ್ಕೆ ಶಕ್ತಿ' ಎಂದು ಕೊಡುವ ಮಾತ್ರೆಗಳನ್ನು ನೀವಾಗಿಯೇ ನುಂಗುತ್ತಾ ಹೋಗಬೇಡಿ. ಅವುಗಳಲ್ಲಿ ಹಲವುಗಳಲ್ಲಿರುವ ಬಿ6 ದೀರ್ಘಕಾಲ ಅತಿಯಾದರೆ ಅದೇ ನರಗಳಿಗೆ ಹಾನಿ ಮಾಡುತ್ತದೆ.

ಬಿಸಿನೀರಿನ ವಿಷಯದಲ್ಲಿ ಮಾತ್ರ ಖಚಿತವಾಗಿ ಹೇಳಬಲ್ಲೆ: ಉರಿ ಇದ್ದೂ ಬಿಸಿ ತಿಳಿಯದಿರುವ ಪಾದಗಳು ಸುಟ್ಟು ಬೊಬ್ಬೆ ಏಳುವುದು ಹೀಗೆಯೇ. ಆ ಅಭ್ಯಾಸ ಬಿಟ್ಟುಬಿಡಿ, ಸ್ನಾನದ ನೀರನ್ನೂ ಮನೆಯ ಇನ್ನೊಬ್ಬರು ಮುಟ್ಟಿ ನೋಡಲಿ.

— ಸಂಪಾದಕ